ಮಾಮಾನ ವಿಮಾನ, ನಮ್ಮ ಹೊಲದ ಕಣ

ಬೈಲಹೊಂಗಲದಲ್ಲಿ ವಿಮಾನ ನಿಲ್ದಾಣ ಇಲ್ಲ ಎಂದು ಯಾರಾದರೂ ಹೇಳಿದರೆ, ಅವರು ನಮ್ಮ ಅತ್ತಿಯ ಮನೆಯ ಪಡಸಾಲೆ ನೋಡಿಲ್ಲ ಎಂದೇ ಅರ್ಥ. ನಾನು ನೋಡಿದ್ದೇನೆ. ನೋಡುವುದೇನು ಬಂತು, ಎರಡು ಮೂರು ವರ್ಷ ಆ ವಿಮಾನದ ರೆಕ್ಕೆಯ ಕೆಳಗೇ ಕುಳಿತು ರೊಟ್ಟಿ ತಿಂದಿದ್ದೇನೆ! ಊಟ ಮುಗಿಸಿ ಏಳುವಾಗ ಮರೆತು ತಲೆ ಎತ್ತಿದರೆ ಹಣೆಗೆ ಇಂಜಿನ್ನು ಬಡಿಯುತ್ತಿತ್ತು. "ನೋಡಿ ಏಳವಾ, ನೋಡಿ ಏಳು!" ಎಂದು ಮಾಮಾ ಓಡಿ ಬರುತ್ತಿದ್ದರು. ಬಂದವರು ಸವರುತ್ತಿದ್ದುದು ನನ್ನ ಹಣೆಯನ್ನೇ ಎಂದುಕೊಂಡಿರಾ? ಇಂಜಿನ್ನನ್ನು.

ಮಾಮಾ ಎಂದರೆ ನನ್ನ ಸೋದರತ್ತೆಯ ಗಂಡ. ಅವರದು ಹಂದರ ಹಾಕುವ ಕೆಲಸ. ಮದುವೆ, ಬಸುರಿಯ ಕುಬಸ, ಪುಢಾರಿಗಳ ಸಭೆ, ಎಲ್ಲಿ ನಾಲ್ಕು ಮಂದಿ ಕೂಡುತ್ತಾರೋ ಅಲ್ಲಿ ಬಿದಿರಿನ ಗಳ ನೆಟ್ಟು, ಬಟ್ಟೆ ಕಟ್ಟಿ, ವೇದಿಕೆಯ ಹಿಂದೆ ಥರ್ಮಾಕೋಲಿನ ನವಿಲು ನಿಲ್ಲಿಸಿ ಬರುತ್ತಿದ್ದರು. ಕಿತ್ತೂರಿನಿಂದ ಸವದತ್ತಿಯವರೆಗೆ ಅವರ ನವಿಲಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳದ ಮದುಮಕ್ಕಳು ಕಡಿಮೆ. ಈಗ ಆ ಕೆಲಸವನ್ನು ಅವರ ಇಬ್ಬರು ಗಂಡುಮಕ್ಕಳು ನೋಡಿಕೊಳ್ಳುತ್ತಾರೆ. ನಾನು ಅದೇ ಊರಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ತವರು ಸುರೇಬಾನ. ಅತ್ತಿಗೂ ಅದೇ ತವರು, ಆಕೆ ನಮ್ಮಪ್ಪನ ಅಕ್ಕ. ಹಾಗಾಗಿ ರವಿವಾರದ ಊಟ ಅತ್ತಿಯ ಮನೆಯಲ್ಲಿ ಎಂಬುದು ನನಗೆ ಸರಕಾರಿ ರಜೆಯಷ್ಟೇ ಖಾತ್ರಿ.

ಮಾಮಾಗೆ ಹುಟ್ಟಿನಿಂದ ಒಂದೇ ರೋಗ. ಏನನ್ನು ಕಂಡರೂ "ಇದು ಹೆಂಗ?" ಎನ್ನುವುದು. ಒಮ್ಮೆ ಅತ್ತಿಯ ಕುಕ್ಕರಿನ ಸೀಟಿ ಯಾಕೆ ಕೂಗುತ್ತದೆ ಎಂದು ಯೋಚನೆ ಬಂತು. ಬಿಚ್ಚಿದರು, ನೋಡಿದರು, ಅರ್ಥವಾಯಿತು ಎಂದರು, ತಿರುಗಿ ಜೋಡಿಸಿದರು. ಅಂದಿನಿಂದ ಅದು ಕೂಗುವುದನ್ನು ಬಿಟ್ಟಿದೆ. "ಅರ್ಥ ಆದ ಮ್ಯಾಲ ಯಾಕ ಕೂಗಬೇಕ್ರಿ ಅದು?" ಎಂದು ಅತ್ತಿ ಇಂದಿಗೂ ಕುಕ್ಕರಿನ ಮುಂದೆ ಕಿವಿಗೊಟ್ಟು ನಿಲ್ಲುತ್ತಾಳೆ.

ಇಂಥವರನ್ನು ಹಿರಿಯ ಮಗ ವಿಮಾನದಲ್ಲಿ ಕೂರಿಸಬಹುದೇ? ಕೂರಿಸಿದ! ವೇದಿಕೆಗೆ ಹೊಸ ಬಗೆಯ ದೀಪ ತರಲು ಹೈದರಾಬಾದಿಗೆ ಹೊರಟಿದ್ದ, ಅಪ್ಪನೂ ಒಮ್ಮೆ ಹತ್ತಲಿ ಎಂದು ಬೆಳಗಾವಿಯಿಂದ ಟಿಕೆಟ್ ಮಾಡಿಸಿದ. ಮಾಮಾಗೆ ಸಿಕ್ಕಿದ್ದು ಸರಿಯಾಗಿ ರೆಕ್ಕೆಯ ಪಕ್ಕದ ಕಿಟಕಿ. ಗಾಳಿಯಲ್ಲಿ ಇರುವಷ್ಟು ಹೊತ್ತೂ ಅವರು ಮೋಡ ನೋಡಲಿಲ್ಲ, ಊರು ನೋಡಲಿಲ್ಲ, ರೆಕ್ಕೆ ನೋಡಿದರು. ನಡುವೆ ಗಗನಸಖಿಯನ್ನು ಕರೆದು, "ತಂಗೀ, ಈ ರೆಕ್ಕಿ ತುದಿ ಯಾಕ ಮ್ಯಾಲ ಮಡಚೇತಿ?" ಎಂದು ಕೇಳಿದರು. ಆಕೆಗೆ ಕನ್ನಡ ಬಾರದು. ಒಂದು ಬಾಟಲಿ ನೀರು ತಂದುಕೊಟ್ಟಳು. ಮಾಮಾ ಇನ್ನಷ್ಟು ಬಿಡಿಸಿ ಕೈ ಮಾಡಿ ಕೇಳಿದರು. ಇನ್ನೊಂದು ಬಾಟಲಿ ಬಂತು. ಹೈದರಾಬಾದು ಬರುವಷ್ಟರಲ್ಲಿ ಮಾಮಾನ ಮುಂದೆ ನೀರಿನ ಅಂಗಡಿಯೇ ಇತ್ತಂತೆ. ತಿರುಗಿ ಬಂದ ಮೇಲೆ ನಾನು, "ಹೈದರಾಬಾದ್ ಹೆಂಗಿತ್ರಿ ಮಾಮಾ?" ಎಂದೆ.

"ರೆಕ್ಕಿ ಭಾಳ ಚಲೋ ಇತ್ತವಾ" ಎಂದರು.

ಅದೇ ವಾರ ಪಡಸಾಲೆಯಲ್ಲಿ ಗಳ ಸೀಳುವ ಸದ್ದು ಶುರುವಾಯಿತು. ರಿಮೋಟಿನಿಂದ ಹಾರಿಸುವ ವಿಮಾನ ಕಟ್ಟುತ್ತೇನೆ ಎಂದರು. ನಾವೆಲ್ಲ ಕೈಯಷ್ಟುದ್ದದ ಆಟಿಕೆ ಇರಬೇಕು ಎಂದುಕೊಂಡೆವು. ಮಾಮಾ ಸುಣ್ಣದ ಕಡ್ಡಿಯಿಂದ ನೆಲದ ಮೇಲೆ ಗೆರೆ ಎಳೆದರು. ಗೆರೆ ದೇವರ ಕೋಣೆಯ ಹೊಸ್ತಿಲಲ್ಲಿ ಶುರುವಾಗಿ ಮುಂಬಾಗಿಲಿನ ಹತ್ತಿರ ನಿಂತಿತು. "ಇದು ಉದ್ದ. ರೆಕ್ಕಿ ಇದಕಿಂತ ಸ್ವಲ್ಪ ಹೆಚ್ಚ" ಎಂದರು. ಅತ್ತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಗೆ ಆನಿಕೊಂಡು ಕುಳಿತುಬಿಟ್ಟಳು.

"ಇದರಾಗ ಏನ ದೊಡ್ಡಸ್ತನ ಐತಿ?" ಎಂದು ಮಾಮಾ ನನಗೆ ಪಾಠ ಮಾಡಿದರು. "ಇದೂ ಹಂದರನ. ಒಳಗ ಗಳ, ಮ್ಯಾಲ ಹೊದಿಕಿ. ಗಾಳಿಗೆ ಹಾರಬಾರದಂತ ನಾವು ಬಡಕೋತೀವಿ, ಹಾರಲಿ ಅಂತ ವಿಮಾನದವರು ಬಡಕೋತಾರ. ಇಷ್ಟ ಫರಕ."

ಥರ್ಮಾಕೋಲಿಗೆ ಬರವೇ? ಮದುವೆಗಳಲ್ಲಿ ಉಳಿದದ್ದೆಲ್ಲ ಗೋದಾಮಿನಲ್ಲಿ ಬಿದ್ದಿತ್ತು. ಹಾಗಾಗಿ ವಿಮಾನದ ಎಡ ರೆಕ್ಕೆಯ ಒಳಗೆ ಒಂದು ನವಿಲಿನ ಕುತ್ತಿಗೆ ಇದೆ, ಬಲ ರೆಕ್ಕೆಯಲ್ಲಿ 'ಶುಭ' ಇದೆ, 'ವಿವಾಹ' ಬಾಲದಲ್ಲಿದೆ. ಮೇಲೆ ಕಾಗದ ಅಂಟಿಸಿ, ಉಜ್ಜಿ, ಬಿಳಿ ಬಣ್ಣ ಹೊಡೆದ ಮೇಲೆ ಹೊರಗಿನಿಂದ ಏನೂ ಕಾಣದು. ಮೋಟರು, ಬ್ಯಾಟರಿ, ರಿಮೋಟು ಎಲ್ಲ ಕೊರಿಯರ್‌ನಲ್ಲಿ ಬಂದವು. ಕಲಿತದ್ದು ಮೊಬೈಲಿನ ವಿಡಿಯೋ ನೋಡಿ. ಒಬ್ಬ ಹಿಂದಿಯಲ್ಲಿ ಹೇಳುತ್ತಿದ್ದ, ಇನ್ನೊಬ್ಬ ಯಾವ ದೇಶದವನೋ, ಮೂಗಿನಲ್ಲಿ ಮಾತಾಡುತ್ತಿದ್ದ. ಮಾಮಾಗೆ ಎಲ್ಲ ತಿಳಿಯುತ್ತಿತ್ತು. ಭಾಷೆ ತಿಳಿಯದಿದ್ದರೂ ಕೈ ನೋಡಿದರೆ ಸಾಕು ಎನ್ನುತ್ತಿದ್ದರು.

ಈಗ ನೀವು, ಇಷ್ಟು ದೊಡ್ಡ ವಿಮಾನ ಕಟ್ಟಿ ಮುಗಿಸಿದ ಮೇಲೆ ಬಾಗಿಲಲ್ಲಿ ಹಿಡಿಯಲಿಲ್ಲ, ಗೋಡೆ ಒಡೆದರು ಎಂದು ನಾನು ಹೇಳುವುದನ್ನೇ ಕಾಯುತ್ತಿದ್ದೀರಿ, ಹೌದಲ್ಲವೇ? ಇಲ್ಲರೀ! ಜೀವಮಾನವಿಡೀ ಬಿಚ್ಚಿ ಕಟ್ಟಿ, ಕಟ್ಟಿ ಬಿಚ್ಚಿ ಮಾಡಿದ ಮನುಷ್ಯ ಅವರು. ರೆಕ್ಕೆ ಬೇರೆ, ಬಾಲ ಬೇರೆ, ಎಲ್ಲಕ್ಕೂ ಬೋಲ್ಟು. ಹಿಡಿಯದಿದ್ದದ್ದು ವಿಮಾನವಲ್ಲ, ನಾವು. ಬಂದ ಬೀಗರು ಹಿತ್ತಲಿನಿಂದ ಬಂದು ಅಡಿಗೆಮನೆಯಲ್ಲೇ ಕುಳಿತು ಚಹಾ ಕುಡಿದು ಹೋಗುವ ರೂಢಿ ಆಯಿತು.

ನೆಲದ ಮೇಲೆ ಗೆರೆ ಎಳೆದ ಮೇಲೆ, ಇದನ್ನು ಕಟ್ಟಲು ಕೂರುವ ಮೊದಲು, ಕೈ ಪಳಗಲಿ ಎಂದು ಒಂದು ಚಿಕ್ಕ ವಿಮಾನವನ್ನೂ ಮಾಡಿದ್ದರು, ಅದನ್ನು ಹೇಳಬೇಕು. ಕಿತ್ತೂರು ರಸ್ತೆಯ ಪಕ್ಕದ ಬಯಲಲ್ಲಿ ಹಾರಿಸಿದರು. ಮೇಲೆ ಹೋಯಿತು. ಚಪ್ಪಾಳೆ ಹೊಡೆಯಲು ನಾವು ಕೈ ಎತ್ತಿದೆವು. ಕೈ ಕೂಡುವಷ್ಟರಲ್ಲಿ ಅದು ಮೂಗು ಕೆಳಗೆ ಮಾಡಿ ಯಾರದೋ ತಿಪ್ಪೆಯಲ್ಲಿ ಕುತ್ತಿಗೆತನಕ ಇಳಿದಿತ್ತು. ಹಿಂದಿನ ತೂಕ ಮುಂದಿನ ತೂಕ ಹೊಂದಲಿಲ್ಲ, ಅದೇ ಕಾರಣ. ಮಾಮಾ ಚೂರುಗಳನ್ನು ಚೀಲದಲ್ಲಿ ತುಂಬಿಕೊಂಡು ಬಂದರು. ಈ ದೊಡ್ಡದನ್ನು ಶುರು ಮಾಡುವ ಮೊದಲು ದೇವರ ಮುಂದೆ ನಿಂತು ಹೇಳಿದ್ದರು: "ಕೈಯಾಗ ಮೊದಲಿನ ಕಸುವು ಉಳದಿಲ್ಲ. ಇದು ಕಡೀದು. ಇದೂ ಬಿತ್ತಂದ್ರ ಮತ್ತ ಗಳ ಮುಟ್ಟೂದಿಲ್ಲ." ಮಾಮಾ ದೇವರ ಮುಂದೆ ಸುಮ್ಮನೆ ಏನೂ ಹೇಳುವವರಲ್ಲ. ಅದಕ್ಕೇ ನಮಗೆಲ್ಲ ಒಳಗೊಳಗೇ ಹೆದರಿಕೆ.

ಅಂದಿನಿಂದ ತೂಕದ ಹುಚ್ಚು ಹತ್ತಿತು ನೋಡಿ! ಗೆಳೆಯ ಸರಾಫನಿಂದ ಬಂಗಾರ ತೂಗುವ ಹಳೆಯ ತಕ್ಕಡಿ ತಂದರು. ಬಣ್ಣ ತೂಗಿದರು, ಅಂಟು ತೂಗಿದರು, ಬೋಲ್ಟು ತೂಗಿದರು. ವಿಮಾನದ ಒಳಗೆ ಮಳೆಗಾಲವೆಲ್ಲ ಕುಳಿತು ಸಾಲು ಸಾಲು ಕುರ್ಚಿ ಮಾಡಿದ್ದರು, ಪ್ರತಿ ಕುರ್ಚಿಗೂ ತಲೆದಿಂಬಿನ ಬಿಳಿ ಬಟ್ಟೆ, ಕಿಟಕಿಗೆ ಪರದೆ! ಅದನ್ನೂ ಒಂದೊಂದಾಗಿ ತೂಗಿಯೇ ಕೂರಿಸಿದ್ದರು. ನೊಣ ಬಂದು ರೆಕ್ಕೆಯ ಮೇಲೆ ಕುಳಿತರೆ ಓಡಿಸುತ್ತಿದ್ದರು. ಮೋಟರಿನ ಕಸುವಿಗೆ ತಕ್ಕಷ್ಟೇ ತೂಕ ಇದೆ, ಇನ್ನು ಒಂದು ತೆಂಗಿನಕಾಯಿಯಷ್ಟು ಹೆಚ್ಚಾದರೂ ಏಳುವುದಿಲ್ಲ ಎಂದು ಮನೆಮಂದಿಗೆಲ್ಲ ಹೇಳಿ ಇಟ್ಟಿದ್ದರು.

ಖಂಡೇನವಮಿಯ, ಅಂದರೆ ಆಯುಧಪೂಜೆಯ ದಿನ ದೊಡ್ಡ ಜಗಳವಾಯಿತು. ಅತ್ತಿ ಈಳಿಗೆಯಿಂದ ಹಿಡಿದು ಮಕ್ಕಳ ಟೆಂಪೋತನಕ ಎಲ್ಲಕ್ಕೂ ಪೂಜೆ ಮಾಡಿ, ಕುಂಕುಮದ ಬಟ್ಟಲು ಹಿಡಿದು ವಿಮಾನದ ಹತ್ತಿರ ಬಂದಳು.

"ಏ, ನಿಲ್ಲ! ಕುಂಕುಮಕ್ಕೂ ತೂಕ ಐತಿ!" ಎಂದು ಮಾಮಾ ಅಡ್ಡ ನಿಂತರು.

"ನಿಮ್ಮ ತಲೀಗೆ ಇಲ್ಲ ನೋಡ್ರಿ, ತೂಕ!" ಎಂದಳು ಅತ್ತಿ. "ವರ್ಷದ ಹಬ್ಬ. ಬೋಳ ಹಣೀಲೆ ಕುಂದ್ರಸ್ತೀರೇನು ಇದನ್ನ?"

ಕೊನೆಗೆ ನಾನು ನಡುವೆ ಬಿದ್ದು ರಾಜಿ ಮಾಡಿಸಿದೆ. ಎಡ ರೆಕ್ಕೆಗೆ ಒಂದು ಬೊಟ್ಟು ಇಟ್ಟರೆ ಬಲ ರೆಕ್ಕೆಗೂ ಅಷ್ಟೇ ಇಡತಕ್ಕದ್ದು ಎಂದು ಒಪ್ಪಂದವಾಯಿತು. ಅತ್ತಿ ಇಟ್ಟಳು. ಮಾಮಾ ಕಣ್ಣು ಸಣ್ಣ ಮಾಡಿ ನೋಡಿ, "ಬಲಗಡೆ ಸ್ವಲ್ಪ ಜಾಸ್ತಿ ಆತು" ಎಂದು ಉಗುರಿನಿಂದ ಕೆರೆದರು. ಅತ್ತಿ ಆ ದಿನ ಹೋಳಿಗೆಗೆ ತುಪ್ಪ ಹಾಕುವಾಗಲೂ ಅದೇ ಲೆಕ್ಕ ಹಿಡಿದಳು.

ಆದರೆ ಒಂದು ಮಾತು ಹೇಳಲೇಬೇಕು. ಇಷ್ಟು ಬೈಯುವ ಅತ್ತಿ ದಿನಾ ಬೆಳಿಗ್ಗೆ ಸೀರೆಯ ಮೆತ್ತನೆ ತುಂಡಿನಿಂದ ಆ ವಿಮಾನದ ಧೂಳು ಒರೆಸುತ್ತಿದ್ದಳು. ಮೂಗಿನಿಂದ ಬಾಲದವರೆಗೆ, ಬೈಯುತ್ತಲೇ ಒರೆಸುತ್ತಿದ್ದಳು. ಯಾರನ್ನು ಬೈಯುತ್ತಿದ್ದಳೋ, ಯಾರ ಮುಂದೆ ಹೇಳಿಕೊಳ್ಳುತ್ತಿದ್ದಳೋ, ನಾನು ಕೇಳಲಿಲ್ಲ.

ಹಾರಿಸುವುದು ಎಲ್ಲಿ? ಬೈಲಹೊಂಗಲದ ಸುತ್ತ ತಂತಿ, ಗಿಡ, ಕಬ್ಬು. ಮಾಮಾಗೆ ನೆನಪಾದದ್ದು ಹೆಂಡತಿಯ ತವರು. ಸುರೇಬಾನದಲ್ಲಿ ನಮ್ಮದು ಒಣಬೇಸಾಯದ ಎರೆಹೊಲ, ಜೋಳ ಕೊಯ್ದ ಮೇಲೆ ಕಣ್ಣು ಹಾಯುವತನಕ ಬಯಲು. ನಮ್ಮಪ್ಪನಿಗೆ ಫೋನು ಬಂತು: "ಒಂದು ಕಣ ಮಾಡಬೇಕಲ್ಲೋ. ಆದ್ರ ದುಂಡಗ ಬ್ಯಾಡ, ಉದ್ದಕ."

ಅಪ್ಪನನ್ನು ಜೀವನದಲ್ಲಿ ಉದ್ದನೆಯ ಕಣ ಯಾರೂ ಕೇಳಿರಲಿಲ್ಲ. ಆದರೂ ಅಕ್ಕನ ಗಂಡನ ಮಾತು. ಬಿರುಕು ಬಿಟ್ಟ ಎರೆ ನೆಲಕ್ಕೆ ನೀರು ಹೊಡೆಸಿದ, ಕಲ್ಲುಗುಂಡು ಎಳೆಸಿದ, ಸಗಣಿ ಕದಡಿ ಮೂಲೆಯಿಂದ ಮೂಲೆಗೆ ಸಾರಿಸಿದ. ಜಗತ್ತಿನ ಯಾವ ದೇಶದ ವಿಮಾನಕ್ಕೆ ಸಗಣಿ ಸಾರಿಸಿದ ನೆಲ ಸಿಕ್ಕಿದೆ ಹೇಳಿ! ಕನ್ನಡಿಯಂತೆ ಆಯಿತು. ರಂಗೋಲಿ ಹಾಕುತ್ತೇನೆ ಎಂದು ಬಂದ ಅವ್ವನನ್ನು ಅಪ್ಪನೇ ತಡೆದನಂತೆ.

ಹೊರಡುವ ದಿನ ವಿಮಾನವನ್ನು ಬಿಚ್ಚಿ, ಹಂದರದ ಟೆಂಪೋದಲ್ಲಿ ಹಾಸಿಗೆ ಹಾಸಿ, ಬಿಳಿ ಚಾದರ ಹೊದಿಸಿ ಮಲಗಿಸಿದೆವು. ಬೆಳಗಿನಲ್ಲೇ, ಬಿಚ್ಚುವ ಮೊದಲು, ಮಾಮಾ ಮಗನನ್ನು ಆ ಕಡೆ ನಿಲ್ಲಿಸಿ ಅದನ್ನು ಬೆರಳ ಮೇಲೆ ಎತ್ತಿ, ಹಿಂದೂ ಮುಂದೂ ಸರಿ ಇದೆ ಎಂದು ಪರೀಕ್ಷೆ ಮಾಡಿ ಆಗಿತ್ತು. ಕಟಕೋಳದಲ್ಲಿ ಚಹಾಕ್ಕೆ ನಿಲ್ಲಿಸಿದರೆ ಅಂಗಡಿಯ ಮುಂದಿದ್ದ ಹಿರಿಯರೊಬ್ಬರು ಟೆಂಪೋದೊಳಗೆ ಇಣುಕಿ ಟೊಪ್ಪಿಗೆ ತೆಗೆದು ಕೈ ಮುಗಿದರು.

"ಯಾರ್ರಿ ತೀರ್ಕೊಂಡವರು? ಭಾಳ ಎತ್ತರದ ಮನಶಾ ಇದ್ದಂಗ ಅದಾರಲ್ರಿ!"

"ತೀರಿಲ್ಲೋ ಯಪ್ಪಾ" ಎಂದರು ಮಾಮಾ. "ಇನ್ನೂ ಹುಟ್ಟಬೇಕು."

ಅವರು ಚಹಾ ಅರ್ಧಕ್ಕೆ ಬಿಟ್ಟು ನಮ್ಮ ಹಿಂದೆಯೇ ಬೈಕಿನಲ್ಲಿ ಬಂದರು. ಅವರನ್ನು ನೋಡಿ ಇನ್ನೂ ನಾಲ್ಕು ಬೈಕು. ಹೊಲ ಮುಟ್ಟುವಷ್ಟರಲ್ಲಿ ದಿಬ್ಬಣದಂತೆ ಆಗಿತ್ತು. ಕಣದ ಅಂಚಿನಲ್ಲಿ ನಮ್ಮಪ್ಪ ಅಡ್ಡ ನಿಂತಿದ್ದ. ಕಣವೆಂದರೆ ಲಕ್ಷ್ಮಿ, ಚಪ್ಪಲಿ ಹಾಕಿಕೊಂಡು ಯಾರೂ ತುಳಿಯುವ ಹಾಗಿಲ್ಲ. ಎಲ್ಲರೂ ಬಿಟ್ಟರು. ಮಾಮಾನೂ ಬಿಟ್ಟರು. ಅಪ್ಪನಿಗೆ ಸಮಾಧಾನವಾಗಲಿಲ್ಲ. ವಿಮಾನವನ್ನು ಜೋಡಿಸಿ ನಿಲ್ಲಿಸಿದ ಮೇಲೆ ಬಗ್ಗಿ ಗಾಲಿಗಳನ್ನು ಮುಟ್ಟಿ ನೋಡಿದ.

"ಮಾವಾರ, ಇವು ರಬ್ಬರ ಅಲ್ಲೇನ್ರಿ?"

"ಹೌದು. ಯಾಕ?"

"ಅಂದ್ರ ಇದೂ ಚಪ್ಪಲಿ ಹಾಕ್ಕೊಂಡಂಗ ಆತಲ್ರಿ!"

"ಅದು ಚಪ್ಪಲಿ ಅಲ್ಲೋ ತಮ್ಮಾ, ಕಾಲು! ಕಾಲು ಬಿಚ್ಚಿ ಬಾ ಅನ್ನಲೇನು ಅದಕ್ಕ?"

ಅಪ್ಪ ಸ್ವಲ್ಪ ಯೋಚಿಸಿ, ಒಂದು ತಂಬಿಗೆ ನೀರು ತರಿಸಿ, ಮೂರೂ ಕಾಲು ತೊಳೆಸಿ ಒಳಗೆ ಬಿಟ್ಟುಕೊಂಡ.

ಇನ್ನೇನು ಹಾರಿಸುವುದೇ. ಮಾಮಾ ಕಡೆಯ ಸಲ ಎಂದು ತೂಕ ನೋಡಲು ರೆಕ್ಕೆಗೆ ಹಾಕಿದ್ದ ಗುರುತಿನ ಕೆಳಗೆ ಬೆರಳು ಕೊಟ್ಟು, ಆ ಕಡೆ ಅಪ್ಪನನ್ನು ನಿಲ್ಲಿಸಿ, ವಿಮಾನವನ್ನು ಎತ್ತಿದರು. ಬಾಲ ಧಪ್ಪನೆ ಕೆಳಗೆ ಹೋಯಿತು.

ಬೆಳಿಗ್ಗೆ ಸರಿ ಇದ್ದದ್ದು ಈಗ ಹೇಗೆ ಕೆಟ್ಟಿತು? ಇನ್ನೊಮ್ಮೆ ಎತ್ತಿದರು, ಇನ್ನೊಮ್ಮೆ ಬಾಲ ಕೆಳಗೆ. ಹೀಗೇ ಬಿಟ್ಟರೆ ಮೂಗು ಮೇಲೆತ್ತಿ ಹಿಂದಕ್ಕೆ ಮಗುಚಿ ಬೀಳುವುದು ಖಾತ್ರಿ. ಆದರೂ ನೋಡಿ, ಆ ಮನುಷ್ಯನಿಗೆ ಹೆದರಿಕೆಗಿಂತ ಮೊದಲು ಬಂದದ್ದು "ಇದು ಹೆಂಗ?" ಬಾಲ ತಟ್ಟಿ ನೋಡಿದರು, ಕಿವಿ ಇಟ್ಟು ಕೇಳಿದರು. ಹಲ್ಲಿ ಹೊಕ್ಕಿರಬೇಕು ಎಂದು ಒಬ್ಬರು, ರಸ್ತೆಯ ತಗ್ಗಿಗೆ ಬ್ಯಾಟರಿ ಸರಿದಿರಬೇಕು ಎಂದು ಇನ್ನೊಬ್ಬರು. ಬ್ಯಾಟರಿ ಇದ್ದಲ್ಲೇ ಇತ್ತು. ಕೊನೆಗೆ ರೆಕ್ಕೆಯ ಹಿಂದೆ ಹೊಟ್ಟೆಯಲ್ಲಿದ್ದ ಮುಚ್ಚಳ ತೆಗೆದು ಕೈ ಹಾಕಿದರು. ಕೈ ಹೊರಗೆ ಬಂದಾಗ ಅದರಲ್ಲಿ ಒಂದು ಹಸಿರು ಖಣದ ಗಂಟಿತ್ತು.

ಬಿಚ್ಚುವ ಅವಶ್ಯಕತೆ ಇರಲಿಲ್ಲ, ಆದರೂ ಬಿಚ್ಚಿದರು. ಅಕ್ಕಿ, ಎರಡು ಒಣಕೊಬ್ಬರಿ ಬಟ್ಟಲು, ಅಡಿಕೆ, ಉತ್ತತ್ತಿ, ಅರಿಷಿಣದ ಕೊಂಬು, ಬೆಲ್ಲದ ಚೂರು. ಮನೆಮಗಳು ಹೊಸ್ತಿಲು ದಾಟುವಾಗ ತುಂಬುವ ಉಡಿ.

"ಯಾರ ಇಟ್ಟದ್ದಿದು?" ಎಂದರು ಮಾಮಾ.

"ನಾನ್ರಿ." ಅತ್ತಿ ಎರಡು ಹೆಜ್ಜೆ ಮುಂದೆ ಬಂದಳು. ನೆಲ ನೋಡುತ್ತಿದ್ದಳು. "ಮನಿ ಬಿಟ್ಟು ಹೊಂಟಿತ್ತಲ್ರಿ ಮುಂಜಾನೆ. ಖಾಲಿ ಉಡೀಲೆ ಹೆಂಗ ಕಳಸೂದು? ನೀವು ಜಳಕಕ್ಕ ಹೋದಾಗ ಇಟ್ನಿ."

ಕಟಕೋಳದ ಹಿರಿಯರು ಟೊಪ್ಪಿಗೆ ಸರಿ ಮಾಡಿಕೊಂಡು ಬೇರೆ ಕಡೆ ನೋಡಿದರು. ಅತ್ತಿ ತಾನೇ ಮುಂದುವರಿಸಿದಳು.

"ಮಂದಿ ಮಕ್ಕಳಿಗೆ ತುಂಬಿ ತುಂಬಿ ಈ ಕೈ ಸವದಾವು. ಈಕಿ ಉಡೀನೂ ನಾನ ತುಂಬೇನಿ" ಎಂದು ನನ್ನ ಕಡೆ ಕೈ ಮಾಡಿದಳು. "ನನ್ನ ಹೊಟ್ಟ್ಯಾಗ ಒಂದ ಹೆಣ್ಣ ಹುಟ್ಟಲಿಲ್ಲ. ನಮ್ಮ ಮನಿಯಿಂದ ಹಿಂಗ ಸಿಂಗಾರ ಮಾಡಿ ಏನನ್ನೂ ಕಳಸಿದ್ದಿಲ್ರಿ ನಾವು. ತಪ್ಪಾತು. ತೂಕದ್ದು ನೆನಪ ಉಳೀಲಿಲ್ಲ. ಕೊಡ್ರಿ ಇಲ್ಲಿ, ತಗೀತೇನಿ." ಗಂಟಿಗೆ ಕೈ ಚಾಚಿದಳು.

ಮಾಮಾ ಕೊಡಲಿಲ್ಲ. ಗಂಟನ್ನು ಅಂಗೈಯಲ್ಲೇ ಮೆಲ್ಲಗೆ ತೂಗಿ ನೋಡಿದರು. ಬಂಗಾರದ ತಕ್ಕಡಿ ಟೆಂಪೋದಲ್ಲೇ ಇತ್ತು, ಅದನ್ನು ಕೇಳಲಿಲ್ಲ.

"ಮಾವಾರ, ಈಗ ತಗದ ಹಾರಸ್ರಿ" ಎಂದ ಅಪ್ಪ ಮೆಲ್ಲಗೆ. "ತಿರಗಿ ಬಂದ ಮ್ಯಾಲ ತುಂಬೂಣಂತ."

"ಹೋಗಿ ಬಂದ ಮ್ಯಾಲ ಉಡಿ ತುಂಬತಾರೇನೋ ಯಾರರ?" ಎಂದು ಮಾಮಾ ಗದರಿದರು. ಆಮೇಲೆ ನನ್ನನ್ನು ಕರೆದರು. "ಸೆರಗ ಹಿಡಿಯವಾ."

ಹಿಡಿದೆ. ವಿಮಾನದ ಮೇಲಿನ ಮುಚ್ಚಳ ತೆಗೆದು ಒಳಗಿನ ಕುರ್ಚಿಗಳನ್ನು ಸಾಲು ಸಾಲಾಗಿ ಕಿತ್ತು ನನ್ನ ಸೆರಗಿಗೆ ಹಾಕತೊಡಗಿದರು. ಮಳೆಗಾಲವೆಲ್ಲ ಕುಳಿತು ಮಾಡಿದ ಕುರ್ಚಿಗಳು! ಪರದೆ ಬಂದವು. ಮಿನುಗುವ ದೀಪಗಳು, ಅವುಗಳ ವಾಯರು, ಇಂಜಿನ್ನಿನ ಗುಡುಗು ಕೇಳಿಸಲಿ ಎಂದು ಕೂರಿಸಿದ್ದ ಸ್ಪೀಕರು, ಅದರ ಬ್ಯಾಟರಿ ಎಲ್ಲ ಬಂದವು. ನಾನು ಬೇಡ ಬೇಡ ಎನ್ನುತ್ತಲೇ ಇದ್ದೆ, ಅವರು ಕೀಳುತ್ತಲೇ ಇದ್ದರು. ಒಳಗೆಲ್ಲ ಖಾಲಿಯಾದ ಮೇಲೆ ಉಡಿಯ ಗಂಟನ್ನು ಮತ್ತೆ ಕಟ್ಟಿ, ಮುಂದೆ, ಮೂಗಿನ ಹತ್ತಿರ ಕೂರಿಸಿದರು. ಎತ್ತಿ ನೋಡಿದರು. ಒಂದು ಬೆರಳಷ್ಟು ಹಿಂದೆ ಸರಿಸಿದರು. ಇನ್ನೊಮ್ಮೆ ಎತ್ತಿದರು. ವಿಮಾನ ಅತ್ತಿತ್ತ ಅಲುಗದೆ ನೆಟ್ಟಗೆ ನಿಂತಿತು.

"ಭಾರ ಇನ್ನೂ ಹೆಚ್ಚ ಐತಿ. ಏಳ್ತೈತೋ ಇಲ್ಲೋ" ಎಂದರು, ಯಾರಿಗೆಂದಿಲ್ಲದೆ. ರಿಮೋಟು ಹಿಡಿದು ನಿಂತರು.

ವಿಮಾನ ಓಡಿತು. ಸಾರಿಸಿದ ಕಣದ ಮೇಲೆ ಸದ್ದಿಲ್ಲದೆ ಓಡಿತು. ಅರ್ಧ ಕಣ ಮುಗಿಯಿತು, ಏಳಲಿಲ್ಲ. ಮುಕ್ಕಾಲು ಮುಗಿಯಿತು, ಏಳಲಿಲ್ಲ. ಎದುರಿಗೆ ಅಪ್ಪನ ಜೋಳದ ಕಣಿಕೆಯ ಬಣವೆ! ಸೆರಗಿನಲ್ಲಿದ್ದ ಕುರ್ಚಿಗಳನ್ನು ಎದೆಗೆ ಒತ್ತಿ ಹಿಡಿದು "ಏಳವ್ವಾ, ಏಳು!" ಎಂದು ನಾನೇ ಕೂಗಿದೆ. ಕಣದ ಕಡೆಯ ಅಂಚಿನಲ್ಲಿ ಅದು ನೆಲ ಬಿಟ್ಟಿತು. ಬಣವೆಯ ತುದಿಗೆ ಗಾಲಿ ತಾಗಿಸಿ, ನಾಲ್ಕು ಕಣಿಕೆ ಕೆಳಗೆ ಬೀಳಿಸಿ ಮೇಲೆ ಹೋಯಿತು.

ಎಂಥ ಚೆಂದ ಇತ್ತು! ಬಯಲಿನ ಮೇಲೆ ಬೆಳ್ಳಗೆ ಸುತ್ತು ಹಾಕಿತು. ಮಂದಿ ಕೇಕೆ ಹಾಕಿದರು, ಅಪ್ಪ ರುಮಾಲು ಬೀಸಿದ. ಅತ್ತಿ ಮಾತ್ರ ಬೇವಿನ ಗಿಡದ ಕಡೆ ಮುಖ ಮಾಡಿ ನಿಂತಿದ್ದಳು. ಒಮ್ಮೆಯೂ ಮೇಲೆ ನೋಡಿರಲಿಲ್ಲ. ಅಷ್ಟರಲ್ಲಿ ರಿಮೋಟು ಕುಂಯ್ ಕುಂಯ್ ಎನ್ನತೊಡಗಿತು. ಬ್ಯಾಟರಿ ತೀರುತ್ತ ಬಂತು ಎಂದು ಅದರ ಅರ್ಥ.

"ಮಾಮಾ, ಇಳಸ್ರಿ!" ಎಂದೆ.

ಮಾಮಾ ನನ್ನ ಮಾತು ಕೇಳಿಸಿಕೊಳ್ಳಲೇ ಇಲ್ಲ. "ಏ, ಹೊಳ್ಳಿ ನೋಡ ಸ್ವಲ್ಪ" ಎಂದು ಅತ್ತಿಯನ್ನು ಕರೆದರು.

"ಒಲ್ಲೆರಿ. ನಾ ಇಟ್ಟದ್ದ ಭಾರ ಆಗಿ ಬಿತ್ತಂದ್ರ?"

"ಬಿದ್ರ ಬೀಳಲಿ. ನೀ ನೋಡೂತನಕಾ ನಾ ಇಳಸೂದಿಲ್ಲ."

ಕುಂಯ್ ಕುಂಯ್ ಜೋರಾಯಿತು. ಅತ್ತಿ ತಿರುಗಿದಳು. ಹಣೆಗೆ ಕೈ ಅಡ್ಡ ಹಿಡಿದು ಬಿಸಿಲಿನಲ್ಲಿ ಹುಡುಕಿದಳು. ವಿಮಾನ ನಮ್ಮ ತಲೆಯ ಮೇಲೆಯೇ ಬಂತು.

"ಅಯ್ಯ ಶಿವನ! ಅಷ್ಟ ಮ್ಯಾಲ ಇರೂದು ನಮ್ಮದ ಏನ್ರಿ?" ಎಂದಳು.

ಮಾಮಾ ಹೂಂ ಎಂದರು. ಕಣ್ಣು ತುಂಬಿ ಹರಿಯುತ್ತಿದ್ದವು, ಎರಡೂ ಕೈ ರಿಮೋಟಿನ ಮೇಲೆ, ಒರೆಸಿಕೊಳ್ಳುವ ಹಾಗೂ ಇಲ್ಲ. "ನನಗ ಏನೂ ಕಾಣವಲ್ದು" ಎಂದರು ಗಾಬರಿಯಿಂದ. "ಎಲ್ಲೈತಿ? ಎಲ್ಲಿ ಹೊಂಟೈತಿ, ಹೇಳ!"

ಅತ್ತಿ ಓಡಿ ಬಂದು ಅವರ ಭುಜಕ್ಕೆ ಭುಜ ತಾಗಿಸಿ ನಿಂತಳು. "ಬಣವಿ ಕಡೆ ಐತ್ರಿ... ಎ‌ಡಕ್ಕ ಹೊಳ್ಳಸ್ರಿ... ಹಾಂ, ಈಗ ಕಣದ ಮ್ಯಾಲ ಬಂತು... ಇನ್ನ ಸ್ವಲ್ಪ ಕೆಳಗ... ಇನ್ನ ಸ್ವಲ್ಪ... ಸಾವಕಾಶ್ರಿ, ಸಾವಕಾಶ" ಎನ್ನುತ್ತ, ಕಣ್ಣು ಮಿಟುಕಿಸದೆ, ಆಕೆಯೇ ಅದನ್ನು ನೆಲಕ್ಕೆ ಇಳಿಸಿಕೊಂಡಳು.